ಫಿಲಂನಲ್ಲಿ ಬಣ್ಣವೋ ಕಪ್ಪು-ಬಿಳುಪೋ: ನಿಮ್ಮನ್ನು ಹಿಡಿದು ನಿಲ್ಲಿಸಿದ್ದು ಯಾವುದು?

ಬೆಳ್ಳಿಕಣ (ಬೆಂಗಳೂರು)

ಫಿಲಂ ಕ್ಯಾಮೆರಾ ಮತ್ತೆ ಹಿಡಿದವರು ಈಗ ನಮ್ಮಲ್ಲಿ ಸಾಕಷ್ಟು ಜನ ಇದ್ದೀರಿ. ಅಪ್ಪನ ಯಾಶಿಕಾ, ಸೋದರಮಾವನ ಪೆಂಟಾಕ್ಸ್ ಕೆ1000, ಸಂಡೇ ಬಜಾರಿನಲ್ಲಿ ಸಿಕ್ಕ ಜೆನಿಟ್. ಕ್ಯಾಮೆರಾ ಯಾವುದು, ಲೆನ್ಸ್ ಯಾವುದು ಅನ್ನೋ ಮಾತು ದಿನಾ ಆಗುತ್ತೆ. ಒಳಗೆ ಹಾಕೋ ರೋಲಿನ ಬಗ್ಗೆ ಮಾತು ಕಡಿಮೆ. ನೀವು ಬಣ್ಣದ ರೋಲು ಹಾಕ್ತೀರೋ, ಕಪ್ಪು-ಬಿಳುಪೋ? ಯಾಕೆ?

ನಾನು ಕಪ್ಪು-ಬಿಳುಪಿನ ಕಡೆಯವನು. ಡಿಜಿಟಲ್ ಆದರೆ ಬಣ್ಣ ಬೇಕೋ ಬೇಡವೋ ಅನ್ನೋದನ್ನ ಮನೆಗೆ ಬಂದು ಕೂತು ತೀರ್ಮಾನ ಮಾಡಬಹುದು. ಫಿಲಂನಲ್ಲಿ ರೋಲು ಹಾಕಿ ಹಿಂದಿನ ಮುಚ್ಚಳ ಮುಚ್ಚಿದರೆ ಆ ಮಾತು ಅಲ್ಲಿಗೆ ಮುಗೀತು. 36 ಫ್ರೇಮು ಮುಗಿಯೋವರೆಗೆ ಅದಕ್ಕೆ ಕಟ್ಟುಬಿದ್ದಿರ್ತೀವಿ. ಈ ಕಟ್ಟು ನೋಡೋ ರೀತಿಯನ್ನೇ ಬದಲಾಯಿಸುತ್ತೆ.

ಬೆಳಗಿನ ಜಾವ ಕೆ.ಆರ್. ಮಾರ್ಕೆಟ್ಟಿನ ಹೂವಿನ ಸಾಲಿಗೆ ಇಲ್ಫೋರ್ಡ್ ಎಚ್‌ಪಿ5 ಅನ್ನೋ ಕಪ್ಪು-ಬಿಳುಪು ರೋಲು ಹಾಕ್ಕೊಂಡು ಹೋಗಿ ನೋಡಿ. ಕನಕಾಂಬರದ ಕೇಸರಿ ನಿಮ್ಮ ನೆರವಿಗೆ ಬರಲ್ಲ. ಹಳದಿ ಸೇವಂತಿಗೆಗೂ ಬಿಳಿ ಸೇವಂತಿಗೆಗೂ ಹೆಚ್ಚು ವ್ಯತ್ಯಾಸ ಉಳಿಯಲ್ಲ. ಕೆಂಪು ಗುಲಾಬಿ, ಅದರ ಹಸಿರು ಎಲೆ ಎರಡೂ ಹತ್ತಿರತ್ತಿರ ಒಂದೇ ಬೂದು ಬಣ್ಣಕ್ಕೆ ಇಳಿದು ಒಂದರೊಳಗೊಂದು ಸೇರಿಹೋಗುತ್ತೆ. ಲೆನ್ಸಿಗೆ ಹಸಿರು ಫಿಲ್ಟರ್ ಹಾಕಿದರೆ ಎಲೆ ತಿಳಿಯಾಗಿ ಗುಲಾಬಿ ಕಪ್ಪಾಗುತ್ತೆ, ಕೆಂಪು ಫಿಲ್ಟರ್ ಹಾಕಿದರೆ ಅದಲುಬದಲು. ಅಂದರೆ ಮಾರ್ಕೆಟ್ಟಿನಲ್ಲಿ ಎಲ್ಲರ ಕಣ್ಣೂ ಹೋಗೋ ಕಡೆ ನಿಮ್ಮ ಕಣ್ಣು ಹೋಗಿ ಪ್ರಯೋಜನವಿಲ್ಲ. ಆಗ ಟಾರ್ಪಾಲಿನ ಸಂದಿಯಿಂದ ಇಳಿದ ಒಂದು ಎಳೆ ಬೆಳಕು ಕಾಣುತ್ತೆ. ನಾರನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದು ಎರಡೂ ಕೈಯಲ್ಲಿ ಹಾರ ಕಟ್ಟೋ ಹೆಂಗಸಿನ ಬೆರಳು ಕಾಣುತ್ತೆ. ನನಗೆ ಬೇಕಾದ್ದು ಅದು.

ಇಳಾ_ಮೈಸೂರು

ಬೆಳ್ಳಿಕಣ ಸರ್, ಮಾರ್ಕೆಟ್ಟಿನ ಮಾತು ಒಪ್ಪಿದೆ. ಆದರೆ ಬಣ್ಣ ಕಳೆದರೆ ಮಾತ್ರ ಬೆಳಕು ಕಾಣುತ್ತೆ ಅನ್ನೋದನ್ನ ಒಪ್ಪಲ್ಲ. ಚಾಮುಂಡಿಬೆಟ್ಟದ ಮೆಟ್ಟಿಲು ಹತ್ತುವಾಗ ಪ್ರತಿ ಮೆಟ್ಟಿಲಿಗೂ ಅರಿಶಿನ ಕುಂಕುಮ ಹಚ್ಚಿಕೊಂಡು ಹೋಗೋ ಹೆಣ್ಣುಮಕ್ಕಳನ್ನ ನೋಡಿರ್ತೀರಿ. ಎಚ್‌ಪಿ5ನಲ್ಲಿ ಆ ಮೆಟ್ಟಿಲು ಬರೀ ಕಲೆ ಬಿದ್ದ ಕಲ್ಲು. ಬಣ್ಣದಲ್ಲಿ ಅದು ಹರಕೆ. ಅಲ್ಲಿ ಬಣ್ಣ ತೆಗೆದರೆ ವಿಷಯವನ್ನೇ ತೆಗೆದ ಹಾಗೆ.

ಜೈಪುರದ ಛಾಯಾಗ್ರಾಹಕ ರಘುಬೀರ್ ಸಿಂಗ್ ಗಂಗೆಯ ದಡ, ಗ್ರ್ಯಾಂಡ್ ಟ್ರಂಕ್ ರಸ್ತೆ ಎಲ್ಲವನ್ನೂ ಬಣ್ಣದಲ್ಲೇ ತೆಗೆದರು. ಗಂಭೀರ ಛಾಯಾಗ್ರಹಣ ಅಂದರೆ ಕಪ್ಪು-ಬಿಳುಪು ಅಂತ ಎಲ್ಲರೂ ಅಂದುಕೊಂಡಿದ್ದ ಕಾಲ ಅದು. 1976ರಲ್ಲಿ ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯ ಅಮೆರಿಕದ ಛಾಯಾಗ್ರಾಹಕ ವಿಲಿಯಂ ಎಗಲ್‌ಸ್ಟನ್ನರ ಬಣ್ಣದ ಚಿತ್ರಗಳನ್ನ ಗೋಡೆಗೆ ಹಾಕಿದಾಗ ವಿಮರ್ಶಕರು ಹಿಗ್ಗಾಮುಗ್ಗಾ ಟೀಕೆ ಮಾಡಿದ್ದರು. ಇವತ್ತು ಅದೇ ಪ್ರದರ್ಶನದ ಹೆಸರಿಲ್ಲದೆ ಬಣ್ಣದ ಛಾಯಾಗ್ರಹಣದ ಚರಿತ್ರೆ ಬರೆಯೋಕಾಗಲ್ಲ.

ಇನ್ನು ಮಧ್ಯಾಹ್ನದ ನಮ್ಮ ಬಿಸಿಲು. ಬಿಳಿ ಪಂಚೆ ಉಟ್ಟು ಬಯಲಲ್ಲಿ ನಿಂತವರನ್ನ ಹಳೆಯ ಫೋನಿನಲ್ಲಿ ತೆಗೆಯಿರಿ: ಪಂಚೆ ಉಳಿದರೆ ಮುಖ ಕಪ್ಪು, ಮುಖ ಉಳಿದರೆ ಪಂಚೆ ಬರೀ ಬಿಳಿ ತೇಪೆ. ಕೊಡಾಕ್ ಪೋರ್ಟ್ರಾ 400 ಹಾಕಿ ಮೀಟರನ್ನ 200ಕ್ಕೆ ಇಟ್ಟು (ರೋಲಿನ ವೇಗ ಅರ್ಧ ಅಂತ ಹೇಳಿ ಹೆಚ್ಚು ಬೆಳಕು ಕೊಡೋದು), ನೆರಳಿನಲ್ಲಿರೋ ಮುಖಕ್ಕೆ ಅಳತೆ ತಗೊಳ್ಳಿ. ಪಂಚೆಯ ಮಡಿಕೆ, ಅದರ ಅಂಚಿನ ಜರಿ ಎರಡೂ ಉಳಿಯುತ್ತೆ. ಬಣ್ಣದ ನೆಗೆಟಿವ್‌ಗೆ ಬೆಳಕು ಹೆಚ್ಚಾದರೆ ತಡೆದುಕೊಳ್ಳೋ ಶಕ್ತಿ ಅಷ್ಟಿದೆ. ಕಡಿಮೆಯಾದರೆ ಮಾತ್ರ ನೆರಳೆಲ್ಲ ಕೆಸರು ಬಣ್ಣಕ್ಕೆ ತಿರುಗುತ್ತೆ.

ಹುಬ್ಬಳ್ಳಿ_ಸ್ಟುಡಿಯೋ

ಇಬ್ರೂ ಖರೇನ ಹೇಳಾಕತ್ತೀರಿ. ನಾ ಸ್ಟುಡಿಯೋದಾಗ ಬೆಳದಾಂವ, ಎರಡೂ ಕಂಡೀನಿ. ನಮ್ಮ ತಂದಿಯವರ ಕಾಲದಾಗ ಆರ್ಥೋ ಶೀಟ್ ಫಿಲಂ ಇರ್ತಿತ್ತು. ಆ ಫಿಲಂಗೆ ಕೆಂಪು ಬೆಳಕು ತಟ್ಟೂದಿಲ್ಲ. ಹಂಗಾಗಿ ಕೆಂಪು ದೀಪದಾಗ ಕಣ್ಣಿಲೆ ನೋಡ್ಕೋತ ಡೆವಲಪ್ ಮಾಡ್ತಿದ್ರು. ಆದ್ರ ಹಣಿ ಮ್ಯಾಲಿನ ಕುಂಕುಮ ಕರ್ರಗ ಬರ್ತಿತ್ತು, ತುಟಿನೂ ಕಪ್ಪು. ಆಮ್ಯಾಲ ಟಚಿಂಗ್ ಕೆಲಸ. ಕಿಡಕಿ ಮುಂದ ನೆಗೆಟಿವ್ ಇಟ್ಕೊಂಡು ಸೂಜಿ ಹಂಗ ಚೂಪ ಮಾಡಿದ ಪೆನ್ಸಿಲ್ಲಿಲೆ ಮಾರಿ ಮ್ಯಾಲಿನ ಮೊಡವಿ, ಕಣ್ಣ ಬುಡದ ಗೆರಿ ತುಂಬೂದು. ನೆಗೆಟಿವ್‌ನಾಗ ಪೆನ್ಸಿಲ್ ಹಚ್ಚಿದ್ದು ಪ್ರಿಂಟಿನಾಗ ಬೆಳ್ಳಗ ಬರ್ತದ, ಗೆರಿ ಮಾಯ ಆಗ್ತದ. ಶ್ರೀಮಂತರ ಮನಿಯವರು ಬಣ್ಣ ಬೇಕಂದ್ರ ಕಪ್ಪು-ಬಿಳುಪು ಪ್ರಿಂಟಿನ ಮ್ಯಾಲ ಕೈಲೆ ಬಣ್ಣ ಹಚ್ಚಿ ಕೊಡೂದು.

ಒಂದು ಮಾತು ಹೇಳ್ತೀನ್ರಿ. ನಮ್ಮಲ್ಲಿ ತಗಿಸಿದ ಹಳೆ ಕಪ್ಪು-ಬಿಳುಪು ಲಗ್ನದ ಫೋಟೋ ಇವತ್ತಿಗೂ ಹಂಗ ಅದಾವ. ಅದರ ನಂತರದ, 80ರ ಸುಮಾರಿನ ಕಲರ್ ಆಲ್ಬಮ್ ತಂದು ತೋರಸ್ತಾರ, ಎಲ್ಲಾ ಕೆಂಪಗ ಆಗ್ಯಾವ. ಸೀರಿ ಹಸರ ಇತ್ತೋ ನೀಲಿ ಇತ್ತೋ ಅಂತ ಮದುಮಗಳಿಗೇ ನೆನಪಿಲ್ಲ. ಮಂದಿ ಬಂದು ಸರಿ ಮಾಡಿಕೊಡ್ರಿ ಅಂತ ಕೇಳೂಮುಂದ ಭಾಳ ಸಂಕಟ ಆಗ್ತದ.

ರಾಚೆಸ್ಟರ್_ಕನ್ನಡಿಗ

ಹುಬ್ಬಳ್ಳಿಯವರು ಹೇಳಿದ್ದಕ್ಕೆ ರಸಾಯನಶಾಸ್ತ್ರದ ಕಾರಣ ಇದೆ. ಎರಡು ಬಗೆಯ ಫಿಲಂನಲ್ಲೂ ಬೆಳಕು ಹಿಡಿಯೋದು ಜೆಲಟಿನ್ನಿನಲ್ಲಿ ಹರಡಿರೋ ಸಿಲ್ವರ್ ಹ್ಯಾಲೈಡಿನ ಹರಳೇ. ಕಪ್ಪು-ಬಿಳುಪಿನಲ್ಲಿ ಡೆವಲಪರ್ ಆ ಹರಳನ್ನು ಲೋಹದ ಬೆಳ್ಳಿ ಮಾಡುತ್ತೆ, ಹೈಪೋ, ಅಂದರೆ ಫಿಕ್ಸರ್, ಉಳಿದದ್ದನ್ನು ಕರಗಿಸುತ್ತೆ. ಕೊನೆಗೆ ಚಿತ್ರವಾಗಿ ನಿಲ್ಲೋದು ಬೆಳ್ಳಿಯೇ. ಬಣ್ಣದ ಫಿಲಂನಲ್ಲಿ ನೀಲಿ, ಹಸಿರು, ಕೆಂಪು ಬೆಳಕಿಗೆ ಬೇರೆ ಬೇರೆ ಪದರಗಳಿವೆ. ಡೆವಲಪ್ ಆಗುವಾಗ ಬೆಳ್ಳಿಯ ಪಕ್ಕದಲ್ಲೇ ಹಳದಿ, ಮಜೆಂಟಾ, ಸಯಾನ್ ಬಣ್ಣ ಹುಟ್ಟುತ್ತೆ. ಆಮೇಲೆ ಬ್ಲೀಚ್ ಮತ್ತು ಫಿಕ್ಸರ್ ಬೆಳ್ಳಿಯನ್ನ ಪೂರ್ತಿ ತೆಗೆದುಹಾಕುತ್ತೆ. ಉಳಿಯೋದು ಬರೀ ಬಣ್ಣ. ಬೆಳ್ಳಿ ತಾಳುತ್ತೆ, ಬಣ್ಣ ಮಾಸುತ್ತೆ. ಆ ಕಾಲದ ಪ್ರಿಂಟುಗಳಲ್ಲಿ ಆಲ್ಬಮ್ಮಿನ ಕತ್ತಲಲ್ಲೇ ಸಯಾನ್ ಮೊದಲು ಮಾಸಿ ಕೆಂಪು ಎದ್ದು ಬರುತ್ತಿತ್ತು. ನೆಗೆಟಿವ್ ಇದ್ದರೆ ಅದನ್ನ ಹುಡುಕಿ ಸ್ಕ್ಯಾನ್ ಮಾಡಿಸಿ, ಪ್ರಿಂಟಿಗಿಂತ ಚೆನ್ನಾಗಿ ಉಳಿದಿರೋ ಸಾಧ್ಯತೆ ಇದೆ.

ಇದಕ್ಕೆ ದೊಡ್ಡ ಅಪವಾದ ಕೊಡಾಕ್ರೋಮ್ ಸ್ಲೈಡು. ಅದರಲ್ಲಿ ಬಣ್ಣ ಫಿಲಂ ಒಳಗೆ ಇರುತ್ತಿರಲಿಲ್ಲ, ತೊಳೆಯೋ (ಡೆವಲಪ್ ಮಾಡೋ) ಹಂತದಲ್ಲಿ ಹೊರಗಿನಿಂದ ಸೇರಿಸುತ್ತಿದ್ದರು. ಕತ್ತಲಲ್ಲಿ ಇಟ್ಟ ಹಳೆಯ ಕೊಡಾಕ್ರೋಮ್‌ಗಳು ಇವತ್ತೂ ಕೆಂಪು ಕೆಂಪಾಗೇ, ನೀಲಿ ನೀಲಿಯಾಗೇ ಇವೆ. ಆದರೆ ಆ ತೊಳೆಯೋ ಕ್ರಮ ಎಷ್ಟು ಜಟಿಲ ಅಂದರೆ ಮನೆಯಲ್ಲಿ ಮಾಡೋ ಮಾತೇ ಇರಲಿಲ್ಲ. 1935ರಲ್ಲಿ ಶುರುವಾದದ್ದು 2009ರಲ್ಲಿ ತಯಾರಿಕೆ ನಿಂತಿತು. ಕನ್ಸಾಸಿನ ಪಾರ್ಸನ್ಸ್ ಅನ್ನೋ ಸಣ್ಣ ಊರಿನ ಡ್ವೇನ್ಸ್ ಫೋಟೋ ಕಟ್ಟಕಡೆಯ ಲ್ಯಾಬು, 2010ರ ಡಿಸೆಂಬರ್ ಕೊನೆಗೆ ಅದೂ ರೋಲು ತೆಗೆದುಕೊಳ್ಳೋದು ನಿಲ್ಲಿಸಿತು. ಆಮೇಲೆ ಯಾರ ಬೀರುವಿನಲ್ಲಿ ಕೊಡಾಕ್ರೋಮ್ ಉಳಿದಿದ್ದರೂ ಅದರಿಂದ ಬಣ್ಣ ಬರೋ ದಾರಿ ಮುಚ್ಚಿತು. ಇದು ನನ್ನನ್ನ ಕಾಡುತ್ತೆ. ಬಣ್ಣದ ಫಿಲಂ ಬದುಕಬೇಕಾದರೆ ಹಿಂದೆ ದೊಡ್ಡ ಕಾರ್ಖಾನೆ, ಲ್ಯಾಬು ಎಲ್ಲ ಬದುಕಿರಬೇಕು. ಸದ್ಯ ಕೊಡಾಕ್‌ನ ಕೋಟಿಂಗ್ ಯಂತ್ರಗಳು ಓಡುತ್ತಿರೋದಕ್ಕೆ ಸಿನಿಮಾದವರು ಇನ್ನೂ ಫಿಲಂ ಕೊಳ್ಳುತ್ತಿರೋದು ಮುಖ್ಯ ಕಾರಣ.

ಮೆಗಾಪಿಕ್ಸೆಲ್

ಎಲ್ಲ ಸರಿ. ಆದರೆ ಈಗಿನ ಡಿಜಿಟಲ್ ಕ್ಯಾಮೆರಾ 35 ಎಂಎಂ ಫಿಲಂಗಿಂತ ಹೆಚ್ಚು ವಿವರ ಹಿಡಿಯುತ್ತೆ, ಕತ್ತಲಲ್ಲೂ ಕೆಲಸ ಮಾಡುತ್ತೆ. ಗ್ರೇನ್ (ಫಿಲಂ ಚಿತ್ರದಲ್ಲಿ ಕಾಣೋ ಕಣಗಳು) ಬೇಕಿದ್ದರೆ ಆಮೇಲೆ ಸೇರಿಸಬಹುದು. ಒಂದು ಕಲರ್ ರೋಲಿಗೆ ಸಾವಿರದ ಆಸುಪಾಸು ಕೊಟ್ಟು, ತೊಳೆಸೋಕೆ ಮತ್ತೆ ಕೊಡೋದು ಯಾಕೆ?

ಬೆಳ್ಳಿಕಣ (ಬೆಂಗಳೂರು)

ವಿವರದ ಮಾತು ನಿಜ, ಅದರಲ್ಲಿ ವಾದ ಇಲ್ಲ. ಗ್ರೇನ್ ಬಗ್ಗೆ ಮಾತ್ರ ಹೇಳ್ತೀನಿ. ಸೆನ್ಸರಿನ ಪಿಕ್ಸೆಲ್ ಸಾಲುಗಟ್ಟಿ ಕೂತಿರುತ್ತೆ, ಪ್ರತಿ ಚಿತ್ರಕ್ಕೂ ಅದೇ ಜಾಗ. ಫಿಲಂನಲ್ಲಿ ಹರಳುಗಳು ಗಾತ್ರದಲ್ಲೂ ಜಾಗದಲ್ಲೂ ಎಲ್ಲೆಂದರಲ್ಲಿ ಹರಡಿರುತ್ತೆ, ಒಂದು ಫ್ರೇಮಿನ ಹಾಗೆ ಇನ್ನೊಂದು ಇರಲ್ಲ. ಮೇಲಿನಿಂದ ಸೇರಿಸಿದ ಗ್ರೇನ್ ಚಿತ್ರದ ಮೇಲೆ ಕೂತಿರುತ್ತೆ. ಕೊಡಾಕಿನ ಕಪ್ಪು-ಬಿಳುಪು ರೋಲು ಟ್ರೈ-ಎಕ್ಸ್‌ನಲ್ಲಿ ಗ್ರೇನೇ ಚಿತ್ರ, ಅದನ್ನ ತೆಗೆದರೆ ಹಿಂದೆ ಇನ್ನೇನೂ ಇಲ್ಲ. ಮುದುಕರ ಕೆನ್ನೆಯ ಮೇಲೆ ಬೆಳಕು ನೆರಳಿಗೆ ತಿರುಗೋ ಕಡೆ ಆ ಕಣಗಳು ದಟ್ಟವಾಗ್ತಾ ಹೋಗೋದನ್ನ ದೊಡ್ಡ ಪ್ರಿಂಟಿನಲ್ಲಿ ಹತ್ತಿರದಿಂದ ನೋಡಿ. ಸ್ಕ್ರೀನಿನಲ್ಲಿ ಅದು ಗೊತ್ತಾಗಲ್ಲ.

ದುಡ್ಡಿನ ಮಾತೂ ಸರಿಯೇ. ಕಪ್ಪು-ಬಿಳುಪು ಮನೆಯಲ್ಲೇ ತೊಳೆದರೆ ಖರ್ಚು ಬಹಳ ಇಳಿಯುತ್ತೆ.

ಕರಾವಳಿ35

ನಮ್ಮ ಮಂಗಳೂರು ಕಡೆ ದುಡ್ಡಿಗಿಂತ ಮೊದಲ ತೊಂದರೆ ಫಂಗಸ್ಸು ಮಾರಾಯ್ರೆ. ಜೂನಿನಿಂದ ಸೆಪ್ಟೆಂಬರ್ ತನಕ ಚರ್ಮದ ಕೇಸಿನಲ್ಲಿ ಇಟ್ಟ ಲೆನ್ಸು ಹಾಳಾಯಿತು ಅಂತಲೇ ಲೆಕ್ಕ. ಗಾಳಿ ಆಡದ ಸ್ಟೀಲ್ ಡಬ್ಬ, ಒಳಗೆ ಸಿಲಿಕಾ ಜೆಲ್, ಬಣ್ಣ ಬದಲಾದ ಕೂಡಲೇ ಬಾಣಲೆಯಲ್ಲಿ ಬಿಸಿ ಮಾಡಿ ಮತ್ತೆ ಹಾಕುವುದು. ರೋಲು ಫ್ರಿಜ್ಜಿನಲ್ಲಿ ಇಟ್ಟಿದ್ದರೆ ಹೊರಗೆ ತೆಗೆದು ಡಬ್ಬ ಕೂಡಲೇ ತೆರೆಯಬಾರದು, ಒಂದೆರಡು ಗಂಟೆ ಹಾಗೇ ಇಡಬೇಕು. ಇಲ್ಲದಿದ್ದರೆ ಫಿಲಂ ಮೇಲೆ ನೀರು ಕೂರುತ್ತದೆ.

ಇನ್ನೊಂದು. ಬಣ್ಣದ ರೋಲು ಒಂದು ಕಡೆ ಕೊಟ್ಟಿದ್ದೆ. ಸ್ಕ್ಯಾನ್ ಕಳಿಸಿದರು, ಎಲ್ಲಾ ಹಸಿರು ಹಸಿರು. ನೆಗೆಟಿವ್ ಕೇಳಿದರೆ ಎಸೆದಾಯಿತು ಎಂದರು. ನಾಲ್ಕು ತಲೆಮಾರು ಕೂಡಿದ್ದ ನಾಗಮಂಡಲದ ದಿನದ ರೋಲು ಅದು. ನೆಗೆಟಿವ್ ಇದ್ದಿದ್ದರೆ ಬೇರೆ ಕಡೆ ಸ್ಕ್ಯಾನ್ ಮಾಡಿಸಬಹುದಿತ್ತು. ಕೊಡುವಾಗಲೇ "ನೆಗೆಟಿವ್ ವಾಪಸು ಬೇಕು" ಎಂದು ಕವರಿನ ಮೇಲೆ ಬರೆಸಿ, ದಯವಿಟ್ಟು.

ಇಳಾ_ಮೈಸೂರು

ಛೆ, ಕೇಳಿ ಬೇಜಾರಾಯ್ತು. ಹಸಿರು ಬಂದದ್ದು ಫಿಲಂನ ತಪ್ಪಲ್ಲ ಅಂತ ಕಾಣುತ್ತೆ. ಬಣ್ಣದ ನೆಗೆಟಿವ್‌ಗೆ ಒಂದು ಕಿತ್ತಳೆ ಛಾಯೆ ಇರುತ್ತಲ್ಲ, ಅದು ಬಣ್ಣಗಳ ಕೊರತೆ ತುಂಬೋದಕ್ಕೆ ಬೇಕಂತಲೇ ಇಟ್ಟದ್ದು. ಸ್ಕ್ಯಾನ್ ಮಾಡುವವರು ಅದನ್ನ ಕಳೆದು ಬಣ್ಣ ಹೊಂದಿಸಬೇಕು. ಒಂದೇ ನೆಗೆಟಿವ್ ಇಬ್ಬರ ಕೈಯಲ್ಲಿ ಎರಡು ಥರ ಬರೋದು ಅದಕ್ಕೇ.

ಬೆಳ್ಳಿಕಣ (ಬೆಂಗಳೂರು)

ಇಳಾ ಮೇಡಂ, ನನ್ನ ವಾದದ ತಿರುಳು ಇಲ್ಲೇ ಇದೆ. ಕಪ್ಪು-ಬಿಳುಪಿನಲ್ಲಿ ಮೊದಲಿಂದ ಕೊನೆವರೆಗೂ ಕೆಲಸ ನಮ್ಮ ಕೈಯಲ್ಲಿರುತ್ತೆ. ಪ್ರಿಂಟ್ ಹಾಕೋ ಕಾಗದಕ್ಕೆ ಕೆಂಪು ಬೆಳಕು ತಟ್ಟಲ್ಲ, ಹಾಗಾಗಿ ಕಿಟಕಿ ಮುಚ್ಚಿದ ಬಚ್ಚಲುಮನೆಯಲ್ಲಿ ಕೆಂಪು ದೀಪ ಹಾಕಿಕೊಂಡು ಕಣ್ಣಾರೆ ನೋಡ್ತಾ ಕೆಲಸ ಮಾಡಬಹುದು. ಬಣ್ಣದ ಕಾಗದ ಎಲ್ಲ ಬೆಳಕನ್ನೂ ಹಿಡಿಯುತ್ತೆ, ಹೆಚ್ಚುಕಡಿಮೆ ಪೂರ್ತಿ ಕತ್ತಲೇ ಬೇಕು.

ಹಂಪಿಯ ಹೇಮಕೂಟದ ಬಂಡೆಗಳ ಒಂದು ನೆಗೆಟಿವ್ ಇದೆ ನನ್ನ ಹತ್ತಿರ. ಬಂಡೆಗೆ ಸರಿಯಾದ ಬೆಳಕು ಕೊಟ್ಟರೆ ಆಕಾಶ ಬರೀ ಬಿಳಿ ಕಾಗದ. ಮೊದಲು ಟೆಸ್ಟ್ ಸ್ಟ್ರಿಪ್: ಒಂದು ತುಂಡು ಕಾಗದದ ಮೇಲೆ ರಟ್ಟು ಮುಚ್ಚಿ, 5 ಸೆಕೆಂಡಿಗೊಮ್ಮೆ ರಟ್ಟು ಸರಿಸ್ತಾ ಹೋಗೋದು. ತೊಳೆದ ಮೇಲೆ ಮೆಟ್ಟಿಲು ಮೆಟ್ಟಿಲಾಗಿ ಕಪ್ಪು ಏರಿರುತ್ತೆ. ಬಂಡೆಗೆ ಯಾವ ಮೆಟ್ಟಿಲು, ಮೋಡಕ್ಕೆ ಯಾವುದು ಅಂತ ಆರಿಸ್ಕೊಳ್ಳೋದು. ಆಮೇಲೆ ಇಡೀ ಕಾಗದಕ್ಕೆ ಬಂಡೆಯ ಸಮಯ ಕೊಟ್ಟು, ಎರಡನೇ ಸಲ ಎರಡೂ ಅಂಗೈಯನ್ನ ಬಂಡೆಯ ಅಂಚಿನ ಆಕಾರಕ್ಕೆ ಬಾಗಿಸಿ ಎನ್‌ಲಾರ್ಜರಿನ (ನೆಗೆಟಿವ್ ಹಿಗ್ಗಿಸಿ ಕಾಗದದ ಮೇಲೆ ಬೀಳಿಸೋ ಯಂತ್ರ) ಬೆಳಕಿಗೆ ಅಡ್ಡ ಹಿಡಿದು ಆಕಾಶಕ್ಕೆ ಮಾತ್ರ ಇನ್ನಷ್ಟು ಬೆಳಕು ಬಿಡೋದು. ಕೈ ಸುಮ್ಮನೆ ನಿಲ್ಲಬಾರದು, ಸಣ್ಣಗೆ ಆಡ್ತಾನೇ ಇರಬೇಕು, ಇಲ್ಲದಿದ್ದರೆ ಗೆರೆ ಬೀಳುತ್ತೆ. ಆ ಮೋಡ ನೆಗೆಟಿವ್‌ನಲ್ಲಿ ಇತ್ತು, ಆದರೆ ಕಾಗದಕ್ಕೆ ಇಳಿದದ್ದು ನನ್ನ ಕೈಯಿಂದ. ಎರಡನೇ ಪ್ರಿಂಟಿನಲ್ಲಿ ಅದು ಕೂದಲೆಳೆಯಷ್ಟಾದರೂ ಬೇರೆ.

ನಮ್ಮವರಲ್ಲಿ ಈ ಪಾಠ ಹೊಸದೇನಲ್ಲ. ರಾಜ್ಯದ ಹಣಕಾಸು ಮಂತ್ರಿಯಾಗಿದ್ದ ಸಂಡೂರಿನ ಎಂ.ವೈ. ಘೋರ್ಪಡೆ ಕಾಡುಪ್ರಾಣಿಗಳನ್ನ ಕಪ್ಪು-ಬಿಳುಪಿನಲ್ಲಿ ತೆಗೆದು ಹೆಸರಾದವರು. ಮೈಸೂರಿನ ಟಿ.ಎಸ್. ಸತ್ಯನ್ ಸಾಮಾನ್ಯ ಜನರ ದಿನದಿನದ ಬದುಕನ್ನ ಹಿಡಿದಿಟ್ಟದ್ದು ಹೆಚ್ಚಾಗಿ ಕಪ್ಪು-ಬಿಳುಪಿನಲ್ಲೇ. ಸಿನಿಮಾಕ್ಕೆ ಬಂದರೆ ಮೈಸೂರಿನಲ್ಲೇ ಹುಟ್ಟಿದ ವಿ.ಕೆ. ಮೂರ್ತಿ. 1959ರ ‘ಕಾಗಜ್ ಕೆ ಫೂಲ್’ನಲ್ಲಿ ಸ್ಟುಡಿಯೋ ಒಳಗೆ ಮೇಲಿನಿಂದ ಇಳಿಯೋ ಬೆಳಕಿನ ಕಂಬ ಇದೆಯಲ್ಲ, ಕನ್ನಡಿಗಳಿಂದ ಹೊರಗಿನ ಬಿಸಿಲು ತಿರುಗಿಸಿ ಮಾಡಿದ್ದು. ಛಾಯಾಗ್ರಾಹಕರಲ್ಲಿ ಮೊದಲ ಫಾಲ್ಕೆ ಪ್ರಶಸ್ತಿ ಬಂದದ್ದು ಅವರಿಗೇ.

ಫಿಲಂ ತಯಾರಿಕೆಯೂ ದೂರದ್ದಾಗಿರಲಿಲ್ಲ. 1960ರಲ್ಲಿ ಊಟಿಯಲ್ಲಿ ಹಿಂದೂಸ್ತಾನ್ ಫೋಟೋ ಫಿಲಂಸ್ ಕಟ್ಟಿದರು. ಧೂಳಿಲ್ಲದ ತಣ್ಣನೆ ಗಾಳಿ ಫಿಲಂ ಕೆಲಸಕ್ಕೆ ಹೇಳಿ ಮಾಡಿಸಿದ್ದು. ‘ಇಂದು’ ಹೆಸರಿನ ಅವರ ಕಪ್ಪು-ಬಿಳುಪು ರೋಲು ಅಗ್ಫಾ ಕ್ಲಿಕ್ ಡಬ್ಬಿ ಕ್ಯಾಮೆರಾಗಳಲ್ಲಿ ಊರೂರು ತಿರುಗಿದೆ. ಎಕ್ಸ್-ರೇ ಫಿಲಂ ಕೂಡ ಅಲ್ಲೇ ಆಗುತ್ತಿತ್ತು. ಅದು ಮುಚ್ಚಿಹೋದದ್ದು ದೊಡ್ಡ ನಷ್ಟ ಅಂತ ನಾನು ಈಗಲೂ ನಂಬಿದ್ದೀನಿ.

ಹುಬ್ಬಳ್ಳಿ_ಸ್ಟುಡಿಯೋ

‘ಇಂದು’ ಕಾಗದಾನೂ ನಾವು ಬಳಸೇವ್ರಿ. ಪಾಸ್‌ಪೋರ್ಟ್ ಸೈಜ್ ಫೋಟೋ ಎಷ್ಟ ಹಾಕೇವಿ ಅಂತ ಲೆಕ್ಕ ಇಲ್ಲ.

ಇಳಾ_ಮೈಸೂರು

ಸರ್, ಪ್ರಿಂಟ್ ವಿಷಯದಲ್ಲಿ ನೀವು ಹೇಳಿದ್ದು ಸರಿ. ಆದರೆ ಬಣ್ಣದ ರೋಲು ಮನೆಯಲ್ಲಿ ತೊಳೆಯೋದು ಕಷ್ಟ ಅನ್ನೋ ಭಾವನೆ ಬೇಡ. ಒಂದು ಥರದಲ್ಲಿ ಅದೇ ಸುಲಭ. ಕಪ್ಪು-ಬಿಳುಪಿನಲ್ಲಿ ಪ್ರತಿ ರೋಲಿಗೂ ಪ್ರತಿ ಡೆವಲಪರಿಗೂ ಸಮಯ ಬೇರೆ. ಬಣ್ಣದ ನೆಗೆಟಿವ್ ತೊಳೆಯೋ ಸಿ-41 ಕ್ರಮದಲ್ಲಿ ಯಾವ ಕಂಪನಿಯ ರೋಲಾದರೂ, ವೇಗ 100 ಆಗಲಿ 800 ಆಗಲಿ, ಡೆವಲಪರ್ 37.8 ಡಿಗ್ರಿಯಲ್ಲಿ 3 ನಿಮಿಷ 15 ಸೆಕೆಂಡು. ಶಾಖ ಏರುಪೇರಾಗದ ಹಾಗೆ ನೋಡ್ಕೋಬೇಕು ಅಷ್ಟೇ. ದೊಡ್ಡ ಟಬ್ಬಿನಲ್ಲಿ ಬಿಸಿನೀರು ತುಂಬಿ ಬಾಟಲಿಗಳನ್ನ ಅದರಲ್ಲಿ ನಿಲ್ಲಿಸಿದರೆ ಸಾಕು. ನಾನು ಮಾಡೋದು ಹಾಗೇ.

ಮನೆಯಲ್ಲಿ ತೊಳೆದ ಬಣ್ಣದ ರೋಲನ್ನ ಟ್ಯಾಂಕಿನಿಂದ ಬಿಚ್ಚಿದಾಗ ಬಣ್ಣವೇ ಕಾಣಲ್ಲ, ಕಿತ್ತಳೆಯೊಳಗೆ ಎಲ್ಲ ತಿರುಗುಮುರುಗು. ಹಸಿರು ಸೀರೆ ಕೆನ್ನೀಲಿಗೆಂಪು, ಆಕಾಶ ಕಂದು. ಅದನ್ನ ಕಿಟಕಿಗೆ ಹಿಡಿದು ಮನಸ್ಸಿನಲ್ಲೇ ತಿರುಗಿಸಿ ಓದೋದು ನನಗೆ ಈಗಲೂ ಬಹಳ ಖುಷಿ.

ತುಂಗಾತೀರ (ಶಿವಮೊಗ್ಗ)

ಎಲ್ಲರಿಗೂ ಧನ್ಯವಾದ, ಎರಡೆರಡು ಸಲ ಓದಿದೆ. ನಾನು ವಿದ್ಯಾರ್ಥಿ, ಅಜ್ಜನ ನಿಕಾನ್ ಎಫ್‌ಎಂ2 ಸಿಕ್ಕಿದೆ. ಯಾವುದರಿಂದ ಶುರು ಮಾಡಲಿ? ಕಪ್ಪು-ಬಿಳುಪು ತೊಳೆಯೋಕೆ 20 ಡಿಗ್ರಿ ನೀರು ಬೇಕಂತೆ, ನಮ್ಮನೆ ನಲ್ಲಿ ನೀರು ಅಷ್ಟು ತಣ್ಣಗಿರಲ್ಲ, ಬೇಸಿಗೆಯಲ್ಲಂತೂ ಬಿಸಿಯೇ.

ರಾಚೆಸ್ಟರ್_ಕನ್ನಡಿಗ

ಎಫ್‌ಎಂ2 ಒಳ್ಳೆ ಕ್ಯಾಮೆರಾ, ಬ್ಯಾಟರಿ ಸತ್ತರೂ ಶಟರ್ ಓಡುತ್ತೆ, ಮೀಟರ್ ಮಾತ್ರ ನಿಲ್ಲುತ್ತೆ. ಆಗ ಬಿಸಿಲಿದ್ದರೆ ಅಪರ್ಚರ್ ಎಫ್/16, ಶಟರ್ ಫಿಲಂನ ವೇಗಕ್ಕೆ ಹತ್ತಿರದ್ದು, 400ರ ರೋಲಿಗೆ 1/500. ವಿಮಾನದಲ್ಲಿ ಹೋಗೋದಿದ್ದರೆ ರೋಲು ಕೈಚೀಲದಲ್ಲೇ ಇರಲಿ, ಲಗೇಜಿಗೆ ಹಾಕಬೇಡಿ. ಹೊಸ ಸಿ.ಟಿ. ಸ್ಕ್ಯಾನರ್ (ಸಾಮಾನು ತಪಾಸಣೆಯ ಎಕ್ಸ್-ರೇ ಯಂತ್ರ) ಇರೋ ಕಡೆ ಕೈಯಲ್ಲೇ ನೋಡಿ ಅಂತ ಕೇಳಿಕೊಳ್ಳಿ.

ಬೆಳ್ಳಿಕಣ (ಬೆಂಗಳೂರು)

ತಮ್ಮಾ, ಎಚ್‌ಪಿ5ನಿಂದ ಶುರು ಮಾಡು. ಇಲ್ಫೋರ್ಡಿನ ಐಡಿ-11 ಡೆವಲಪರ್, ಒಂದು ಪಾಲಿಗೆ ಒಂದು ಪಾಲು ನೀರು. 20 ಡಿಗ್ರಿಯಲ್ಲಿ 13 ನಿಮಿಷ. 24 ಡಿಗ್ರಿ ಆದರೆ ಸುಮಾರು 9 ನಿಮಿಷಕ್ಕೆ ಇಳಿಸು. ಅದಕ್ಕೂ ಬಿಸಿಯಿದ್ದರೆ ನೀರಿನ ಬಾಟಲಿ ಫ್ರಿಜ್ಜಿನಲ್ಲಿಟ್ಟು ಬೆರೆಸಿಕೋ. ಡೆವಲಪರ್, ಸ್ಟಾಪ್ (ಡೆವಲಪ್ ಆಗೋದನ್ನ ನಿಲ್ಲಿಸೋ ದ್ರಾವಣ), ಫಿಕ್ಸರ್ ಮೂರೂ, ತೊಳೆಯೋ ನೀರೂ ಹತ್ತಿರತ್ತಿರ ಒಂದೇ ಶಾಖದಲ್ಲಿರಲಿ. ರೀಲಿಗೆ ಫಿಲಂ ಸುತ್ತೋದನ್ನ ಹಾಳಾದ ರೋಲಿನಲ್ಲಿ ಮೊದಲು ಬೆಳಕಿನಲ್ಲಿ, ಆಮೇಲೆ ಕಣ್ಣು ಮುಚ್ಚಿ, ಕೊನೆಗೆ ಕತ್ತಲಲ್ಲಿ ಅಭ್ಯಾಸ ಮಾಡು.

ಇಳಾ_ಮೈಸೂರು

ನಾನು ಬಣ್ಣದವಳಾದರೂ ಇದಕ್ಕೆ ನನ್ನ ಒಪ್ಪಿಗೆ ಇದೆ, ಕಪ್ಪು-ಬಿಳುಪಿನಿಂದಲೇ ಶುರುವಾಗಲಿ. ಬೆಳಕಿನ ಅಳತೆ ಕೈಗೆ ಹತ್ತಿದ ಮೇಲೆ ಒಂದು ಕೊಡಾಕ್ ಗೋಲ್ಡ್ ಹಾಕು. ಮಳೆ ಬಿಟ್ಟ ಸಂಜೆ ಮಲೆನಾಡಿನ ಹಸಿರು ಎಷ್ಟು ಬಗೆ ಅಂತ ಆಗ ಬಂದು ಹೇಳು.

ತುಂಗಾತೀರ (ಶಿವಮೊಗ್ಗ)

ಆಗಲಿ ಅಕ್ಕ. ಕೊನೆಯ ಪ್ರಶ್ನೆ: ಬಳಸಿದ ಫಿಕ್ಸರ್ ಎಲ್ಲಿ ಚೆಲ್ಲೋದು? ನಮ್ಮ ಬಚ್ಚಲ ನೀರು ತೋಟಕ್ಕೆ ಹೋಗುತ್ತೆ.

ಹುಬ್ಬಳ್ಳಿ_ಸ್ಟುಡಿಯೋ

ತೋಟಕ್ಕ ಬ್ಯಾಡ. ಅದರಾಗ ಕರಗಿದ ಬೆಳ್ಳಿ ಇರ್ತದ, ಮಣ್ಣಿಗೆ ನೀರಿಗೆ ಒಳ್ಳೇದಲ್ಲ. ಒಂದು ಕ್ಯಾನಿನಾಗ ಕೂಡಿಸಿ ಇಡಪಾ. ಮೊದಲೆಲ್ಲ ಆ ಹೈಪೋ ಕೊಳ್ಳಾಕ ಅಂತನ ಮಂದಿ ಸ್ಟುಡಿಯೋಕ್ಕ ಬರ್ತಿದ್ರು, ಬೆಳ್ಳಿ ತಗಿಯೂ ಸಲುವಾಗಿ. ಈಗೂ ದೊಡ್ಡ ಊರಾಗ ಬೆಳ್ಳಿ ತಗಿಯೂವ್ರು ಸಿಗ್ತಾರ, ನಿಮ್ಮೂರಿನ ಹಳೆ ಸ್ಟುಡಿಯೋದವ್ರನ್ನ ಕೇಳಿ ನೋಡು. ಮತ್ತ ಫಿಕ್ಸರ್ ಒಂದ ಸಲಕ್ಕ ಚೆಲ್ಲಬ್ಯಾಡ. ರೋಲಿನ ತುದಿ ಕತ್ತರಿಸಿದ ತುಂಡು ಅದರಾಗ ಹಾಕು, ಎಷ್ಟು ಹೊತ್ತಿಗೆ ತಿಳಿ ಆಗ್ತದ ನೋಡು. ಅದರ ಎರಡರಷ್ಟು ಹೊತ್ತು ಫಿಕ್ಸ್ ಮಾಡು. ಹೊಸಾದಿದ್ದಾಗ ತಗೊಂಡ ಹೊತ್ತಿಗಿಂತ ದುಪ್ಪಟ್ಟು ಹಿಡೀತು ಅಂದ್ರ ಅವಾಗ ಬದಲಿ ಮಾಡು.